ಪಿಯಾನೊ ಕಲಿಯಲು ಯಾವ ವಯಸ್ಸು? ಮುನ್ನೂರು ವರ್ಷಗಳ ಒಂದು ಪ್ರಶ್ನೆ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆ ನಮ್ಮಲ್ಲಿ ಹಳೆಯದು. ವಿಜಯದಶಮಿಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ ಮಗುವಿನ ಬೆರಳು ಹಿಡಿದು ಅಕ್ಷರ ತೀಡಿಸುವಾಗಲೂ, ಸಂಗೀತದ ಮೇಷ್ಟರ ಎದುರು ಕೂರಿಸಿ ಸರಳೆ ವರಸೆ ಹೇಳಿಸುವಾಗಲೂ ಹಿರಿಯರ ಮನಸ್ಸಿನಲ್ಲಿರುವುದು ಇದೇ ಮಾತು. ಯೂರೋಪಿನಲ್ಲಿ ಇದೇ ಮಾತು ಪಿಯಾನೊ ಎಂಬ ವಾದ್ಯದ ಸುತ್ತ ಸುಮಾರು ಮುನ್ನೂರು ವರ್ಷಗಳಿಂದ ಸುಳಿದಾಡುತ್ತಿದೆ. ಮಗುವನ್ನು ಯಾವ ವಯಸ್ಸಿನಲ್ಲಿ ಪಿಯಾನೊ ಮುಂದೆ ಕೂರಿಸಬೇಕು? ಮೂರಕ್ಕೋ, ಆರಕ್ಕೋ, ಒಂಬತ್ತಕ್ಕೋ?

ವಿದ್ಯಾರ್ಥಿ ಮಿತ್ರರೇ, ಈ ಪ್ರಶ್ನೆಗೆ ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿದೆ. ಆ ಉತ್ತರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಒಂದು ಕುತೂಹಲದ ಸಂಗತಿ ಹೊಳೆಯುತ್ತದೆ. ಅವು ಮಗುವಿನ ವಿಷಯ ಹೇಳುವುದು ಕಡಿಮೆ. ವಾದ್ಯದ ವಿಷಯ, ತಂದೆಯ ಆಸೆಯ ವಿಷಯ, ಮನೆಯ ಆದಾಯದ ವಿಷಯ ಹೇಳುವುದೇ ಹೆಚ್ಚು. ಈ ಲೇಖನ ಆ ಉತ್ತರಗಳ ಇತಿಹಾಸ.

ಮೊದಲು ವಾದ್ಯ. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಮೆಡಿಚಿ ಮನೆತನದ ರಾಜಕುಮಾರನ ಆಶ್ರಯದಲ್ಲಿ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ ಎಂಬ ವಾದ್ಯ ತಯಾರಕನಿದ್ದ. ಅರಮನೆಯ ವಾದ್ಯಗಳ 1700ರ ಪಟ್ಟಿಯಲ್ಲಿ ಅವನ ಹೊಸ ವಾದ್ಯವೊಂದರ ವಿವರ ಸಿಗುತ್ತದೆ. ಅಲ್ಲಿಯವರೆಗೆ ಬಳಕೆಯಲ್ಲಿದ್ದ ಹಾರ್ಪ್ಸಿಕಾರ್ಡಿನಲ್ಲಿ, ಕೀ ಒತ್ತಿದರೆ ಹಕ್ಕಿಯ ಗರಿಯ ದಂಟಿನ ಚೂರೊಂದು ತಂತಿಯನ್ನು ಮೀಟುತ್ತಿತ್ತು. ಮೆಲ್ಲಗೆ ಒತ್ತಿದರೂ ಬಲವಾಗಿ ಒತ್ತಿದರೂ ಧ್ವನಿ ಹೆಚ್ಚುಕಡಿಮೆ ಒಂದೇ. ಕ್ರಿಸ್ಟೊಫೊರಿ ಗರಿಯ ಜಾಗದಲ್ಲಿ ಪುಟ್ಟ ಸುತ್ತಿಗೆಯನ್ನು ಇಟ್ಟ. ತಂತಿಗೆ ಬಡಿದ ಕೂಡಲೇ ಅದು ಹಿಂದಕ್ಕೆ ಸರಿಯುವಂಥ ಏರ್ಪಾಡು ಮಾಡಿದ. ಬೆರಳಿನ ಬಲಕ್ಕೆ ತಕ್ಕಂತೆ ಮೆಲುದನಿ, ಜೋರುದನಿ ಎರಡೂ ಹೊರಟವು. ಇಟಾಲಿಯನ್ ಭಾಷೆಯಲ್ಲಿ ಪಿಯಾನೊ ಎಂದರೆ ಮೆಲ್ಲಗೆ, ಫೋರ್ಟೆ ಎಂದರೆ ಜೋರಾಗಿ. ವಾದ್ಯದ ಹೆಸರು ಬಂದದ್ದು ಹೀಗೆ. ಅವನು ಮಾಡಿದ ಪಿಯಾನೊಗಳಲ್ಲಿ ಇಂದು ಉಳಿದಿರುವುದು ಮೂರೇ: 1720, 1722 ಮತ್ತು 1726ರವು. ಅವುಗಳಲ್ಲಿ ಮೊದಲನೆಯದು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ.

ಹೊಸ ವಾದ್ಯ ಮನೆಮನೆಗೆ ತಲುಪಲು ಇನ್ನೂ ಎಪ್ಪತ್ತು ಎಂಬತ್ತು ವರ್ಷ ಬೇಕಾಯಿತು. ಅಷ್ಟರಲ್ಲಿ ಮಕ್ಕಳು ಕಲಿಯುತ್ತಿದ್ದುದು ಹಾರ್ಪ್ಸಿಕಾರ್ಡಿನ ಮೇಲೆ, ಇಲ್ಲವೇ ಅದಕ್ಕಿಂತ ಸಣ್ಣದಾದ, ಮೇಜಿನ ಮೇಲಿಡಬಹುದಾದ ಕ್ಲಾವಿಕಾರ್ಡ್ ಮೇಲೆ. ಆದ್ದರಿಂದ ನಮ್ಮ ಪ್ರಶ್ನೆಗೆ ಮೊದಲ ಸ್ಪಷ್ಟ ಉತ್ತರವೂ ಹಾರ್ಪ್ಸಿಕಾರ್ಡಿನ ಮೇಷ್ಟರೊಬ್ಬರಿಂದಲೇ ಬಂದಿತು.

ಬೀಗದ ಕೈ ಮೇಷ್ಟರ ಜೇಬಿನಲ್ಲಿ

ಫ್ರಾಂಸ್ವಾ ಕೂಪ್ರಾಂ ಫ್ರಾನ್ಸಿನ ರಾಜನ ಆಸ್ಥಾನದಲ್ಲಿದ್ದ ಸಂಗೀತಗಾರ. ಹಾರ್ಪ್ಸಿಕಾರ್ಡ್ ನುಡಿಸುವ ಕಲೆಯನ್ನು ಕುರಿತು ಆತ 1716ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಮಕ್ಕಳಿಗೆ ಪಾಠ ಆರಂಭಿಸಲು ಆರು ಏಳು ವರ್ಷ ತಕ್ಕ ವಯಸ್ಸು ಎಂದು ಅದರಲ್ಲಿ ಹೇಳಿದ್ದಾನೆ. ಹಾಗೆಂದು ದೊಡ್ಡವರನ್ನು ಅವನು ಹೊರಗಿಟ್ಟಿಲ್ಲ. ಕೈಯನ್ನು ತಿದ್ದಿ ರೂಪಿಸಲು ಬೇಗ ಆರಂಭಿಸಿದಷ್ಟೂ ಸುಲಭ ಎಂಬುದಷ್ಟೇ ಅವನ ಅಭಿಪ್ರಾಯ. ಎಳೆಯ ಮಕ್ಕಳಿಗೆ ಮೃದುವಾದ ಗರಿ ಹಾಕಿದ ವಾದ್ಯವನ್ನೇ ಕೊಡಬೇಕು, ಬಲ ಹಾಕಿ ಒತ್ತಬೇಕಾದ ವಾದ್ಯ ಕೊಟ್ಟರೆ ಕೈ ಬಿಗಿದುಕೊಳ್ಳುತ್ತದೆ ಎಂದು ಎಚ್ಚರಿಸಿದ್ದಾನೆ.

ಆ ಪುಸ್ತಕದಲ್ಲಿ ಒಂದು ಸ್ವಾರಸ್ಯದ ಮಾತಿದೆ. ಆರಂಭದ ದಿನಗಳಲ್ಲಿ ಮಕ್ಕಳು ಮೇಷ್ಟರಿಲ್ಲದಾಗ ಅಭ್ಯಾಸ ಮಾಡಲೇಬಾರದು ಎನ್ನುತ್ತಾನೆ ಕೂಪ್ರಾಂ. ಮುಕ್ಕಾಲು ಗಂಟೆ ಜತನದಿಂದ ಕಲಿಸಿದ್ದನ್ನು ಮಕ್ಕಳು ಒಂದು ಕ್ಷಣದಲ್ಲಿ ಕೆಡಿಸಿಕೊಳ್ಳುತ್ತಾರಂತೆ. ಅದಕ್ಕಾಗಿ ಪಾಠ ಮುಗಿಸಿ ಹೊರಡುವಾಗ ವಾದ್ಯಕ್ಕೆ ಬೀಗ ಹಾಕಿ ಬೀಗದ ಕೈಯನ್ನು ತಾನೇ ಕೊಂಡೊಯ್ಯುತ್ತಿದ್ದ! ದಿನಕ್ಕೆ ಇಷ್ಟು ಗಂಟೆ ಅಭ್ಯಾಸ ಮಾಡಲೇಬೇಕು ಎಂದು ಮಕ್ಕಳನ್ನು ಕೂಡಿಹಾಕುವ ಇಂದಿನ ಮನೆಗಳಿಗೆ ಈ ಮಾತು ವಿಚಿತ್ರವಾಗಿ ಕೇಳಿಸಬಹುದು.

ಕೂಪ್ರಾಂನ ಸಮಕಾಲೀನನಾದ ಜರ್ಮನಿಯ ಯೋಹಾನ್ ಸೆಬಾಸ್ಟಿಯನ್ ಬಾಕ್ ವಯಸ್ಸಿನ ವಿಚಾರವಾಗಿ ಯಾವ ಗ್ರಂಥವನ್ನೂ ಬರೆಯಲಿಲ್ಲ. ಆದರೆ 1720ರ ಜನವರಿ 22ರಂದು ತನ್ನ ಹಿರಿಯ ಮಗ ವಿಲ್‌ಹೆಲ್ಮ್ ಫ್ರೀಡ್ಮನ್‌ಗಾಗಿ ಒಂದು ಪುಟ್ಟ ಪಾಠದ ಪುಸ್ತಕ ತೆರೆದ. ಹುಡುಗನಿಗೆ ಆಗ ಒಂಬತ್ತು ವರ್ಷ, ಎರಡು ತಿಂಗಳು. ಮೊದಲ ಪುಟಗಳಲ್ಲಿ ಸ್ವರಗಳ ಹೆಸರು, ಅಲಂಕಾರಗಳ ಗುರುತು, ಯಾವ ಸ್ವರಕ್ಕೆ ಯಾವ ಬೆರಳು ಎಂಬ ಪಾಠ. ಆಮೇಲೆ ಒಂದೊಂದಾಗಿ ಸಣ್ಣ ರಚನೆಗಳು. ಇಂದು ಪ್ರಪಂಚದಾದ್ಯಂತ ಪಿಯಾನೊ ವಿದ್ಯಾರ್ಥಿಗಳು ನುಡಿಸುವ ಬಾಕ್‌ನ 'ಇನ್ವೆನ್ಷನ್' ಎಂಬ ರಚನೆಗಳ ಮೊದಲ ರೂಪ ಇರುವುದು ಈ ಪುಸ್ತಕದಲ್ಲೇ. ಮಗನಿಗೆ ಬೇಕಾದ ಪಾಠವನ್ನು ಮಗನ ಬೆಳವಣಿಗೆ ನೋಡಿಕೊಂಡು ಅಪ್ಪ ಬರೆಯುತ್ತ ಹೋದ. ವಯಸ್ಸಿಗಿಂತ ಇದು ಮುಖ್ಯ ಎಂದು ನನಗೆ ತೋರುತ್ತದೆ.

ಅಕ್ಕನ ಪುಸ್ತಕ, ತಮ್ಮನ ಹೆಸರು

ಬೇಗ ಆರಂಭಿಸಬೇಕು ಎನ್ನುವವರೆಲ್ಲ ಕೊನೆಗೆ ಎತ್ತುವ ಹೆಸರು ಒಂದೇ, ವುಲ್ಫ್‌ಗಾಂಗ್ ಮೊಟ್ಸಾರ್ಟ್. ಆತ ಹುಟ್ಟಿದ್ದು ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ, 1756ರ ಜನವರಿ 27ರಂದು. ಈ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಾವು ಕೇಳಿರುವ ಕಥೆಯಲ್ಲಿ ಒಬ್ಬಳು ಕಾಣೆಯಾಗಿದ್ದಾಳೆ.

ತಂದೆ ಲಿಯೊಪೋಲ್ಡ್ ಮೊಟ್ಸಾರ್ಟ್ ಆಸ್ಥಾನದ ಪಿಟೀಲು ವಾದಕ. ಪಿಟೀಲು ಕಲಿಕೆಯ ಬಗ್ಗೆ ಪುಸ್ತಕ ಬರೆದ ದೊಡ್ಡ ಶಿಕ್ಷಕ. 1759ರಲ್ಲಿ ಆತನೂ ಒಂದು ಪಾಠದ ಪುಸ್ತಕ ತೆರೆದ. ಅದು ವುಲ್ಫ್‌ಗಾಂಗ್‌ಗಾಗಿ ಅಲ್ಲ, ಎಂಟನೆಯ ವರ್ಷಕ್ಕೆ ಕಾಲಿಡುತ್ತಿದ್ದ ಮಗಳಿಗಾಗಿ. ಅವಳ ಹೆಸರು ಮಾರಿಯಾ ಆನ್ನಾ. ಮನೆಯಲ್ಲಿ ಕರೆಯುತ್ತಿದ್ದುದು ನಾನೆರ್ಲ್ ಎಂದು. ಅಕ್ಕ ಪಾಠ ಕಲಿಯುವಾಗ ಮೂರು ವರ್ಷದ ತಮ್ಮ ಪಕ್ಕದಲ್ಲಿ ಸುಳಿದಾಡುತ್ತಿದ್ದ. ಎರಡೆರಡು ಸ್ವರಗಳನ್ನು ಒಟ್ಟಿಗೆ ಒತ್ತಿ, ಹಿತವಾಗಿ ಹೊಂದುವ ಜೋಡಿ ಸಿಕ್ಕಾಗ ಸಂತೋಷಪಡುತ್ತಿದ್ದ ಎಂದು ಅಕ್ಕ ಮುಂದೆ ನೆನಪಿಸಿಕೊಂಡಿದ್ದಾಳೆ. ಕ್ರಮೇಣ ಅಕ್ಕನ ಪುಸ್ತಕದ ಪಾಠಗಳನ್ನೇ ತಂದೆ ಅವನಿಗೂ ಹೇಳಿಕೊಟ್ಟ. ಕಲಿತ ಪಾಠದ ಕೆಳಗೆ ದಿನ, ಹೊತ್ತು ಗುರುತು ಹಾಕಿಟ್ಟ. 1761ರ ಜನವರಿ 26ರಂದು, ಐದು ವರ್ಷ ತುಂಬಲು ಒಂದು ದಿನ ಇರುವಾಗ, ರಾತ್ರಿ ಒಂಬತ್ತೂವರೆಗೆ ಅರ್ಧ ಗಂಟೆಯಲ್ಲಿ ಈ ಪಾಠ ಕಲಿತ ಎಂಬರ್ಥದ ಒಂದು ಟಿಪ್ಪಣಿ ಅಲ್ಲಿದೆ.

ರಾತ್ರಿ ಒಂಬತ್ತೂವರೆ! ನಾಲ್ಕು ವರ್ಷದ ಮಗು ಮಲಗಿರಬೇಕಾದ ಹೊತ್ತು. ತಂದೆಯ ಅಭಿಮಾನ, ಆತುರ ಎರಡೂ ಆ ಒಂದು ಟಿಪ್ಪಣಿಯಲ್ಲಿ ಕಾಣುತ್ತವೆ.

1763ರ ಜೂನ್‌ನಲ್ಲಿ ಕುಟುಂಬ ಯೂರೋಪ್ ಪ್ರವಾಸಕ್ಕೆ ಹೊರಟಿತು. ಮ್ಯೂನಿಕ್, ಪ್ಯಾರಿಸ್, ಲಂಡನ್, ಹೇಗ್ ಎಂದು ಸುತ್ತಿ ಮರಳಿ ಮನೆ ಸೇರಿದ್ದು 1766ರ ನವೆಂಬರಿನಲ್ಲಿ. ಮೂರೂವರೆ ವರ್ಷ ಕುದುರೆಗಾಡಿಯಲ್ಲಿ ಊರೂರು ಅಲೆದಾಟ. ಲಂಡನ್ನಿನಲ್ಲಿ 1764ರ ಕಚೇರಿಯ ಜಾಹೀರಾತಿನಲ್ಲಿ ಹುಡುಗಿಗೆ ಹನ್ನೊಂದು ವರ್ಷ, ಹುಡುಗನಿಗೆ ಏಳು ಎಂದು ಅಚ್ಚಾಯಿತು. ನಿಜವಾಗಿ ಅವರಿಗೆ ಹನ್ನೆರಡು ಮತ್ತು ಎಂಟು. ಒಂದೊಂದು ವರ್ಷ ಕಡಿಮೆ ಹೇಳಿದರೆ ಜನ ಇನ್ನಷ್ಟು ಬೆರಗಾಗುತ್ತಾರೆ, ಟಿಕೆಟ್ಟುಗಳು ಖರ್ಚಾಗುತ್ತವೆ. ಹೇಗ್ ನಗರದಲ್ಲಿ 1765ರಲ್ಲಿ ಇಬ್ಬರು ಮಕ್ಕಳೂ ಕಾಯಿಲೆ ಬಿದ್ದು ಸಾವಿನ ಅಂಚಿಗೆ ಹೋಗಿ ಬಂದರು. ನಾನೆರ್ಲ್ ಬದುಕುವುದಿಲ್ಲವೆಂದು ಪಾದ್ರಿಯನ್ನು ಕರೆಸಿ ಕೊನೆಗಾಲದ ಸಂಸ್ಕಾರವನ್ನೂ ಮಾಡಿಸಿದ್ದರು.

ಲಂಡನ್ನಿನಲ್ಲಿ ಡೇನ್ಸ್ ಬ್ಯಾರಿಂಗ್ಟನ್ ಎಂಬ ವಿದ್ವಾಂಸ ಹುಡುಗನನ್ನು ಪರೀಕ್ಷಿಸಿ ರಾಯಲ್ ಸೊಸೈಟಿಗೆ ವರದಿ ಒಪ್ಪಿಸಿದ. ಅವನಿಗೆ ವಯಸ್ಸಿನ ಬಗ್ಗೆಯೇ ಸಂಶಯ. ಸಾಲ್ಜ್‌ಬರ್ಗ್‌ನಿಂದ ಜನನದ ದಾಖಲೆ ತರಿಸಿಕೊಂಡು ಖಚಿತಪಡಿಸಿಕೊಂಡ. ಕಣ್ಣೆದುರಿಗೆ ಇಟ್ಟ ಹೊಸ ರಚನೆಯನ್ನು ಹುಡುಗ ಸಲೀಸಾಗಿ ನುಡಿಸಿದ್ದು, ಕೇಳಿದ ಕೂಡಲೇ ಕೋಪದ ಹಾಡು, ಪ್ರೀತಿಯ ಹಾಡು ಕಟ್ಟಿದ್ದು ಎಲ್ಲ ವರದಿಯಲ್ಲಿದೆ. ಜೊತೆಗೆ ಇನ್ನೊಂದು ಸಂಗತಿಯನ್ನೂ ಬ್ಯಾರಿಂಗ್ಟನ್ ಬಿಡದೆ ಬರೆದಿದ್ದಾನೆ. ನಡುವೆ ಬೆಕ್ಕೊಂದು ಒಳಗೆ ಬಂದಿತು. ಹುಡುಗ ವಾದ್ಯ ಬಿಟ್ಟು ಅದರ ಹಿಂದೆ ಹೋದ, ಎಷ್ಟೋ ಹೊತ್ತು ಮರಳಿ ಬರಲಿಲ್ಲ. ಆಗಾಗ ಕಾಲುಗಳ ನಡುವೆ ಕೋಲು ಸಿಕ್ಕಿಸಿಕೊಂಡು ಕುದುರೆ ಆಟ ಆಡುತ್ತ ಕೋಣೆಯ ತುಂಬ ಓಡುತ್ತಿದ್ದ. ಹುಡುಗನ ವಯಸ್ಸಿಗೆ ಇದಕ್ಕಿಂತ ಒಳ್ಳೆಯ ದಾಖಲೆ ಬೇಕೆ?

ಮೊಟ್ಸಾರ್ಟ್ ಕಥೆಯಲ್ಲಿ ಮರೆಯಬಾರದ ಮಾತು ಮತ್ತೊಂದಿದೆ. ನಾಲ್ಕು ವರ್ಷದ ಆ ಬೆರಳುಗಳ ಕೆಳಗಿದ್ದುದು ಇಂದಿನ ಪಿಯಾನೊ ಅಲ್ಲ. ಮುಂದೆ 1780ರ ದಶಕದಲ್ಲಿ ವಿಯೆನ್ನಾದಲ್ಲಿ ಆತ ಕೊಂಡ ಪಿಯಾನೊ ಸಾಲ್ಜ್‌ಬರ್ಗ್‌ನಲ್ಲಿ ಇಂದಿಗೂ ಇದೆ. ಮರದ ಚೌಕಟ್ಟು, ಐದು ಸ್ಥಾಯಿ, 61 ಕೀಗಳು, ತೂಕ ನೂರು ಕಿಲೋ ಕೂಡ ಇಲ್ಲ. ಇಂದಿನ ದೊಡ್ಡ ಕಚೇರಿ ಪಿಯಾನೊಗೆ 88 ಕೀಗಳು, ತೂಕ ಸುಮಾರು 480 ಕಿಲೋ. ಇಂದಿನ ಕೀ ಸುಮಾರು 10 ಮಿಲಿಮೀಟರ್ ಕೆಳಗಿಳಿಯಬೇಕು. ಅಂದಿನದು ಅದರ ಅರ್ಧದಷ್ಟು ಇಳಿದರೂ ಸಾಕಿತ್ತು. ಮೊಟ್ಸಾರ್ಟ್ ನಾಲ್ಕಕ್ಕೆ ನುಡಿಸಿದನಲ್ಲ ಎಂದು ನಮ್ಮ ಮಗುವನ್ನು ಹೋಲಿಸುವಾಗ ಈ ಲೆಕ್ಕವನ್ನು ಯಾರೂ ಹಾಕುವುದಿಲ್ಲ.

ಮೊಟ್ಸಾರ್ಟ್‌ನ ಹೆಸರು ಯೂರೋಪಿನ ಸಂಗೀತಗಾರರ ಮನೆಗಳಲ್ಲಿ ಒಂದು ಆಸೆಯನ್ನು ಬಿತ್ತಿತು. ಜರ್ಮನಿಯ ಬಾನ್ ನಗರದಲ್ಲಿ ಯೋಹಾನ್ ಬೀಥೋವನ್ ಎಂಬ ಆಸ್ಥಾನ ಗಾಯಕನಿದ್ದ, ಕುಡಿತದ ಮನುಷ್ಯ. 1770ರಲ್ಲಿ ಹುಟ್ಟಿದ ಅವನ ಮಗ ಲುಡ್ವಿಗ್, ಎತ್ತರ ಸಾಲದೆ ಸಣ್ಣ ಬೆಂಚಿನ ಮೇಲೆ ನಿಂತು ಅಳುತ್ತ ನುಡಿಸುತ್ತಿದ್ದುದನ್ನು ಆ ಕಾಲದಲ್ಲಿ ಅವರನ್ನು ಕಂಡವರು ಹೇಳಿದ್ದಾರೆ. 1778ರ ಮಾರ್ಚ್ 26ರಂದು ಕೊಲೋನ್ ನಗರದಲ್ಲಿ ತಂದೆ ಮಗನ ಕಚೇರಿ ಏರ್ಪಡಿಸಿದ. ಕರಪತ್ರದಲ್ಲಿ ಹಾಕಿದ ವಯಸ್ಸು ಆರು. ನಿಜವಾದ ವಯಸ್ಸು ಏಳು ದಾಟಿತ್ತು. ಆ ಕಚೇರಿಯಿಂದ ದೊಡ್ಡ ಹೆಸರೇನೂ ಬರಲಿಲ್ಲ. ಲುಡ್ವಿಗ್ ವಾನ್ ಬೀಥೋವನ್ ದೊಡ್ಡವನಾದದ್ದು ಆಮೇಲೆ ಸಿಕ್ಕ ಒಳ್ಳೆಯ ಗುರುಗಳಿಂದ, ತನ್ನ ಸ್ವಂತ ಶಕ್ತಿಯಿಂದ. ಇಂಥ ಮನೆಗಳಲ್ಲಿ ಹೀಗೆ ನಿಂತು ಅತ್ತು, ದೊಡ್ಡ ಹೆಸರು ಬಾರದೆಯೇ ಹೋದ ಮಕ್ಕಳನ್ನು ಇತಿಹಾಸ ಎಣಿಸಿಟ್ಟಿಲ್ಲ. ಗೆದ್ದವರ ವಯಸ್ಸನ್ನಷ್ಟೇ ನಾವು ಉದಾಹರಿಸುತ್ತೇವೆ.

ಯಂತ್ರಯುಗದ ಬೆರಳುಗಳು

ಹತ್ತೊಂಬತ್ತನೆಯ ಶತಮಾನದಲ್ಲಿ ಪಿಯಾನೊ ಅರಮನೆ ಬಿಟ್ಟು ಮಧ್ಯಮ ವರ್ಗದ ಮನೆಗೆ ಇಳಿಯಿತು. 1825ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಆಲ್ಫಿಯಸ್ ಬ್ಯಾಬ್ಕಾಕ್ ಒಂದೇ ಎರಕದ ಕಬ್ಬಿಣದ ಚೌಕಟ್ಟಿಗೆ ಪೇಟೆಂಟ್ ಪಡೆದ. ಮರದ ಚೌಕಟ್ಟು ತಡೆಯಲಾರದಷ್ಟು ಬಿಗಿಯಾಗಿ ತಂತಿ ಎಳೆಯುವುದು ಇದರಿಂದ ಸಾಧ್ಯವಾಯಿತು. ಧ್ವನಿ ದೊಡ್ಡದಾಯಿತು, ಕೀಗಳು ಭಾರವಾದವು. ಗೋಡೆಗೆ ಆನಿಸಿಡುವ ನಿಲುವು ಪಿಯಾನೊಗಳು ಕಾರ್ಖಾನೆಗಳಿಂದ ಸಾವಿರಗಟ್ಟಲೆ ಹೊರಬಂದವು. ಅಮೆರಿಕ ಒಂದರಲ್ಲೇ 1909ರಲ್ಲಿ ತಯಾರಾದ ಪಿಯಾನೊಗಳು ಮೂರೂವರೆ ಲಕ್ಷಕ್ಕೂ ಹೆಚ್ಚು. ಮನೆಯಲ್ಲಿ ಪಿಯಾನೊ ಇದೆ ಎಂದರೆ ಅಂತಸ್ತು, ಮಗಳು ನುಡಿಸುತ್ತಾಳೆ ಎಂದರೆ ಒಳ್ಳೆಯ ಸಂಬಂಧ. ಆ ಕಾಲದ ಇಂಗ್ಲಿಷ್ ಕಾದಂಬರಿ ಓದಿದವರಿಗೆ ಇದು ಗೊತ್ತಿರುವ ಸಂಗತಿಯೇ.

ಬೇಡಿಕೆ ಹೆಚ್ಚಿದಾಗ ಕಲಿಕೆಯಲ್ಲೂ ಯಂತ್ರ ಬಂದಿತು. ಡಬ್ಲಿನ್ನಿನಲ್ಲಿ ನೆಲೆಸಿದ್ದ ಯೋಹಾನ್ ಬರ್ನಾರ್ಡ್ ಲೋಜಿಯರ್ 1814ರಲ್ಲಿ 'ಕೈರೋಪ್ಲಾಸ್ಟ್' ಎಂಬ ಸಾಧನಕ್ಕೆ ಪೇಟೆಂಟ್ ಪಡೆದ. ಕೀಗಳ ಮೇಲೆ ಎರಡು ಅಡ್ಡಪಟ್ಟಿ. ಅವುಗಳ ನಡುವೆ ಮಗುವಿನ ಮಣಿಕಟ್ಟು ಸಿಕ್ಕಿಸಬೇಕು. ಬೆರಳೊಂದಕ್ಕೆ ಒಂದರಂತೆ ಲೋಹದ ಗೂಡು. ಕೈ ಅತ್ತಿತ್ತ ಅಲುಗುವಂತಿಲ್ಲ. ಒಂದೇ ಕೋಣೆಯಲ್ಲಿ ಹಲವು ಪಿಯಾನೊಗಳನ್ನಿಟ್ಟು ಮಕ್ಕಳ ಗುಂಪಿಗೆ ಒಟ್ಟಿಗೆ ಪಾಠ ಮಾಡುವ ಪದ್ಧತಿಯನ್ನೂ ಆತನೇ ರೂಢಿಗೆ ತಂದ. ಗುಂಪಿನ ಪಾಠ ಒಳ್ಳೆಯ ಆಲೋಚನೆ, ಅದು ಉಳಿಯಿತು. ಕೈಗೆ ತೊಡಿಸಿದ ಆ ಬಂಧನ ಕೆಲವು ದಶಕಗಳಲ್ಲಿ ಮೂಲೆ ಸೇರಿತು.

ಈ ಯುಗದ ಎರಡು ಜೀವನಗಳು ನಮ್ಮ ಪ್ರಶ್ನೆಯ ಎರಡು ತುದಿಗಳಂತಿವೆ. ವಿಶೇಷವೆಂದರೆ ಅವೆರಡೂ ಒಂದೇ ಸಂಸಾರದವು. ಲೈಪ್ಜಿಗ್ ನಗರದ ಪಿಯಾನೊ ಶಿಕ್ಷಕ ಫ್ರೀಡ್ರಿಕ್ ವೀಕ್ 1819ರಲ್ಲಿ ಹುಟ್ಟಿದ ತನ್ನ ಮಗಳು ಕ್ಲಾರಾಳನ್ನು ಐದನೆಯ ವರ್ಷದಲ್ಲಿ ಪಾಠಕ್ಕೆ ಕೂರಿಸಿದ. ಅವಳಿಗೆ ಮಾತು ಬಂದದ್ದೇ ನಾಲ್ಕು ವರ್ಷ ದಾಟಿದ ಮೇಲೆ. ವೀಕ್ ಒಳ್ಳೆಯ ಶಿಕ್ಷಕ. ಮೊದಲಿಗೆ ಸ್ವರಲಿಪಿ ತೋರಿಸದೆ ಕಿವಿಯಿಂದ ಕಲಿಸಿದ, ದಿನವೂ ನಡಿಗೆಗೆ ಕರೆದೊಯ್ದ. 1828ರಲ್ಲಿ ಒಂಬತ್ತರ ಹುಡುಗಿ ಲೈಪ್ಜಿಗ್‌ನ ಪ್ರಸಿದ್ಧ ಸಭಾಂಗಣ ಗೆವಾಂಡ್‌ಹೌಸ್‌ನಲ್ಲಿ ನುಡಿಸಿದಳು. ಆದರೆ ಅವಳ ದಿನಚರಿಯನ್ನು ಬಿಡಿಸಿ ನೋಡಿದವರಿಗೆ ಒಂದು ಆಶ್ಚರ್ಯ ಕಾದಿತ್ತು. ಎಷ್ಟೋ ವರ್ಷ ಆ ದಿನಚರಿಯಲ್ಲಿ 'ನಾನು' ಎಂದು ಬರೆದಿರುವುದು ಕ್ಲಾರಾ ಅಲ್ಲ, ತಂದೆ! ಮಗಳ ಹೆಸರಿನಲ್ಲಿ, ಮಗಳ ಮಾತಿನಂತೆ, ತಾನೇ ಬರೆಯುತ್ತಿದ್ದ. ಕ್ಲಾರಾ ಯೂರೋಪಿನ ಶ್ರೇಷ್ಠ ವಾದಕರಲ್ಲೊಬ್ಬಳಾಗಿ 1891ರವರೆಗೆ ವೇದಿಕೆಯಲ್ಲಿದ್ದಳು ಎಂಬುದು ನಿಜ. ಆ ದಿನಚರಿ ಇದ್ದದ್ದೂ ನಿಜ.

ಇನ್ನೊಂದು ತುದಿ ರಾಬರ್ಟ್ ಶೂಮನ್. ಚಿಕ್ಕಂದಿನಲ್ಲಿ ಅಷ್ಟಿಷ್ಟು ಕಲಿತು, ಕಾನೂನು ಓದಲು ಹೋಗಿ, 1830ರಲ್ಲಿ ಇಪ್ಪತ್ತರ ವಯಸ್ಸಿನಲ್ಲಿ ಓದು ಬಿಟ್ಟು ವೀಕ್‌ನ ಶಿಷ್ಯನಾದ. ತಡವಾಯಿತೆಂಬ ಆತಂಕದಲ್ಲಿ ವಿಪರೀತ ಅಭ್ಯಾಸ ಮಾಡಿದ. ಒಂದೆರಡು ವರ್ಷಗಳಲ್ಲಿ ಬಲಗೈಯ ಬೆರಳು ಸ್ವಾಧೀನ ತಪ್ಪಿತು. ಬೆರಳಿಗೆ ಬಲ ಬರಿಸಲು ಅವನು ಬಳಸಿದ ಸಾಧನವೇ ಕಾರಣ ಎಂದು ಬಹುಕಾಲ ಹೇಳುತ್ತ ಬಂದರು. ಬೇರೆ ಕಾರಣಗಳನ್ನು ಮುಂದಿಟ್ಟ ವೈದ್ಯರೂ ಇದ್ದಾರೆ. ಅಂತೂ ವಾದಕನಾಗುವ ಆಸೆ ಮುಗಿಯಿತು, ರಚನಕಾರ ಉಳಿದ. 1840ರಲ್ಲಿ ಕ್ಲಾರಾಳನ್ನು, ವೀಕ್‌ನ ವಿರೋಧವಿದ್ದರೂ, ನ್ಯಾಯಾಲಯದ ಮೆಟ್ಟಿಲು ಹತ್ತಿ ಮದುವೆಯಾದ. ಅವರ ಹಿರಿಯ ಮಗಳು ಮಾರೀಯ ಏಳನೆಯ ಹುಟ್ಟುಹಬ್ಬಕ್ಕೆಂದು 1848ರಲ್ಲಿ ಕೆಲವು ಪುಟ್ಟ ರಚನೆಗಳನ್ನು ಮಾಡಿಕೊಟ್ಟ. ಅವು ಬೆಳೆದು 43 ರಚನೆಗಳ 'ಎಳೆಯರ ಸಂಪುಟ' ಆಯಿತು. ಮಕ್ಕಳಿಗೆಂದು ಬರೆದರೂ ನಿಜವಾದ ಸಂಗೀತ ಬರೆಯಬೇಕು ಎಂಬ ಮಾದರಿ ಅಲ್ಲಿ ಗಟ್ಟಿಯಾಯಿತು.

ಶತಮಾನದ ಕೊನೆಗೆ ಬ್ರಿಟನ್ನಿನಲ್ಲಿ ಸಂಗೀತದ ಶ್ರೇಣಿ ಪರೀಕ್ಷೆಗಳು ಬಂದವು. ಟ್ರಿನಿಟಿ ಕಾಲೇಜು ಪರೀಕ್ಷೆಗಳನ್ನು ಆರಂಭಿಸಿದ್ದು 1870ರ ದಶಕದಲ್ಲಿ. ರಾಯಲ್ ಶಾಲೆಗಳ ಜಂಟಿ ಮಂಡಳಿ ಹುಟ್ಟಿದ್ದು 1889ರಲ್ಲಿ. ಸಾಮ್ರಾಜ್ಯದ ಜೊತೆಗೆ ಈ ಪರೀಕ್ಷೆಗಳೂ ಹಡಗು ಹತ್ತಿ ಭಾರತಕ್ಕೆ ಬಂದವು. ಬೆಂಗಳೂರು ದಂಡಿನ ಪ್ರದೇಶದ ಕಾನ್ವೆಂಟುಗಳಲ್ಲಿ, ಚರ್ಚುಗಳ ಸುತ್ತಮುತ್ತ ಪಿಯಾನೊ ನೆಲೆಯೂರಿತು. ನಮ್ಮ ಕರ್ನಾಟಕ ಸಂಗೀತಕ್ಕೆ ಅದು ಒಗ್ಗಲಿಲ್ಲ ಎಂಬುದು ಬೇರೆ ಮಾತು. ಪಿಯಾನೊದ ಸ್ವರಗಳು ಮೊದಲೇ ಕಟ್ಟಿಟ್ಟವು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿ ಗಮಕ ತೋರಿಸಲು ಅಲ್ಲಿ ದಾರಿಯಿಲ್ಲ.

ಆದರೂ ನಮ್ಮ ನಾಡಿನ ಒಬ್ಬರನ್ನು ಇಲ್ಲಿ ನೆನೆಯದಿರುವಂತಿಲ್ಲ. ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜ ಒಡೆಯರು 1919ರಲ್ಲಿ ಹುಟ್ಟಿದರು. ಅರಮನೆಯಲ್ಲಿ ಪಾಶ್ಚಾತ್ಯ ಸಂಗೀತದ ಪಾಠವೂ ನಡೆಯುತ್ತಿತ್ತು. ಅವರು ಪಿಯಾನೊದಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಲೈಸೆನ್ಶಿಯೇಟ್ ಆದರು. 1945ರಲ್ಲಿ ಟ್ರಿನಿಟಿ ಕಾಲೇಜು ಅವರನ್ನು ಗೌರವ ಫೆಲೋ ಎಂದು ಮನ್ನಿಸಿತು. ವೇದಿಕೆಯ ಪಿಯಾನೊ ವಾದಕನಾಗಬೇಕೆಂಬುದು ಅವರ ಬಯಕೆಯಾಗಿತ್ತು. 1940ರಲ್ಲಿ ಮೊದಲು ತಂದೆ, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. ಇಪ್ಪತ್ತೊಂದರ ಯುವಕ ಸಿಂಹಾಸನ ಏರಬೇಕಾಯಿತು. ಆ ಬಯಕೆ ಬೇರೆ ದಾರಿ ಹಿಡಿಯಿತು. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯದ ರಚನಕಾರ ನಿಕೊಲಾಯ್ ಮೆಟ್ನರ್‌ನ ಸಂಗೀತವನ್ನು ಗ್ರಾಮಾಫೋನ್ ತಟ್ಟೆಗಳಲ್ಲಿ ದಾಖಲಿಸಲು ಮಹಾರಾಜರು ಹಣ ಕೊಟ್ಟರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಅವರಿಗೆ ಅರ್ಪಿಸಿದ. ಅದೇ ಮಹಾರಾಜರು ಶ್ರೀವಿದ್ಯಾ ಎಂಬ ಅಂಕಿತದಲ್ಲಿ ಸಂಸ್ಕೃತದ ಕೃತಿಗಳನ್ನೂ ರಚಿಸಿದರು. ಪಿಯಾನೊ ಕಲಿತ ಕಿವಿ ನಮ್ಮ ಸಂಗೀತಕ್ಕೆ ಕಿವುಡಾಗುತ್ತದೆ ಎನ್ನುವವರು ಇದನ್ನು ಗಮನಿಸಬೇಕು.

ತಾಯ್ನುಡಿಯಂತೆ

ಮತ್ತೆ ಯೂರೋಪಿಗೆ. ಹಂಗೆರಿಯ ಬೇಲಾ ಬಾರ್ಟೋಕ್ ದೊಡ್ಡ ಪಿಯಾನೊ ವಾದಕ. ಹಳ್ಳಿಹಳ್ಳಿ ಸುತ್ತಿ ಜನಪದ ಹಾಡು ಸಂಗ್ರಹಿಸಿದವನು. 1924ರಲ್ಲಿ ಹುಟ್ಟಿದ ಮಗ ಪೇಟರ್‌ಗೆ ಆತ ಪಿಯಾನೊ ಪಾಠ ಆರಂಭಿಸಿದ್ದು ಹುಡುಗನಿಗೆ ಸುಮಾರು ಒಂಬತ್ತು ವರ್ಷವಾದಾಗ. ಆ ಪಾಠಗಳ ಜೊತೆಜೊತೆಗೆ ಬೆಳೆದದ್ದು 153 ರಚನೆಗಳ, ಆರು ಸಂಪುಟಗಳ 'ಮೈಕ್ರೊಕಾಸ್ಮಸ್'. ಮೊದಲೆರಡು ಸಂಪುಟಗಳನ್ನು ಮಗನಿಗೇ ಅರ್ಪಿಸಿದ್ದಾನೆ. ಬಾಕ್ ತನ್ನ ಮಗನ ಪುಸ್ತಕ ತೆರೆದದ್ದೂ ಒಂಬತ್ತಕ್ಕೆ ಎಂಬುದನ್ನು ನೀವು ಮರೆತಿರಲಾರಿರಿ. ಇದು ಕಾಕತಾಳೀಯ ಇರಬಹುದು. ಆದರೆ ಮನೆಯಲ್ಲೇ ಮಹಾಗುರುವಿದ್ದರೂ ಈ ಇಬ್ಬರು ಅಪ್ಪಂದಿರಿಗೆ ಅವಸರವಿದ್ದಂತೆ ಕಾಣುವುದಿಲ್ಲ.

ಅವಸರವಲ್ಲದ, ಆದರೆ ತೀರ ಬೇಗನೆ ಆರಂಭಿಸುವ ಮತ್ತೊಂದು ದಾರಿಯನ್ನು ತೋರಿಸಿದ್ದು ಜಪಾನ್. ಶಿನಿಚಿ ಸುಜುಕಿ 1898ರಲ್ಲಿ ಹುಟ್ಟಿದ. ತಂದೆಯದು ಪಿಟೀಲು ತಯಾರಿಸುವ ಕಾರ್ಖಾನೆ. ಆದರೂ ಮಗ ಪಿಟೀಲು ನುಡಿಸಲು ತೊಡಗಿದ್ದು ಹದಿನೇಳರಲ್ಲಿ, ಗ್ರಾಮಾಫೋನಿನಲ್ಲಿ ಮಿಶಾ ಎಲ್ಮನ್‌ನ ವಾದನ ಕೇಳಿ ಬೆರಗಾದ ಮೇಲೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಮಾತ್ಸುಮೊಟೊ ಊರಿನಲ್ಲಿ ಶಾಲೆ ತೆರೆದ. ಮಕ್ಕಳು ತಾಯ್ನುಡಿಯನ್ನು ವ್ಯಾಕರಣ ಓದಿ ಕಲಿಯುವುದಿಲ್ಲ, ಕೇಳಿ ಕಲಿಯುತ್ತಾರೆ. ಸಂಗೀತವನ್ನೂ ಹಾಗೆಯೇ ಕಲಿಯಲಿ ಎಂಬುದು ಅವನ ತತ್ವ. ಮೂರು ನಾಲ್ಕು ವರ್ಷದ ಮಕ್ಕಳು, ಜೊತೆಗೆ ತಾಯಿಗೂ ಪಾಠ. ಓದುವುದು ತಡವಾಗಿ, ಕೇಳುವುದು ಮೊದಲು. ಪಿಟೀಲಿನಿಂದ ಈ ಪದ್ಧತಿ ಪಿಯಾನೊಗೂ ಹಬ್ಬಿತು. 1954ರಲ್ಲಿ ಯಮಾಹಾ ಕಂಪನಿಯೂ ಪುಟ್ಟ ಮಕ್ಕಳ ಗುಂಪುಪಾಠಗಳನ್ನು ಶುರುಮಾಡಿತು. ವಾದ್ಯ ಮಾರುವ ಕಂಪನಿಗೆ ಮಕ್ಕಳು ಬೇಗ ಆರಂಭಿಸುವುದರಲ್ಲಿ ಲಾಭ ಇದ್ದೇ ಇದೆ, ಅದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಮೂರು ವರ್ಷದ ಮಕ್ಕಳ ಪದ್ಧತಿಯನ್ನು ಕಟ್ಟಿದವನು ಸ್ವತಃ ಹದಿನೇಳಕ್ಕೆ ಆರಂಭಿಸಿದವನು ಎಂಬುದಂತೂ ಇತಿಹಾಸದ ಒಂದು ನಗೆ.

ಇಷ್ಟಾದ ಮೇಲೆ ವಿಜ್ಞಾನ ಏನು ಹೇಳುತ್ತದೆ ಎಂದು ನೀವು ಕೇಳಬಹುದು. ಮಿದುಳಿನ ಚಿತ್ರ ತೆಗೆಯುವ ಯಂತ್ರಗಳು ಬಂದ ಮೇಲೆ ಈ ಪ್ರಶ್ನೆ ಪ್ರಯೋಗಾಲಯಕ್ಕೂ ಹೋಯಿತು. 1995ರಲ್ಲಿ ಗಾಟ್‌ಫ್ರೀಡ್ ಶ್ಲೌಗ್ ಮತ್ತು ಸಂಗಡಿಗರು 30 ಮಂದಿ ವೃತ್ತಿ ಸಂಗೀತಗಾರರ ಮಿದುಳನ್ನು, ಸಂಗೀತಗಾರರಲ್ಲದ 30 ಮಂದಿಯ ಮಿದುಳಿನೊಡನೆ ಹೋಲಿಸಿದರು. ಎಡ ಬಲ ಮಿದುಳುಗಳನ್ನು ಜೋಡಿಸುವ ನರತಂತುಗಳ ಸೇತುವೆಯ ಮುಂಭಾಗ, ಏಳು ವರ್ಷಕ್ಕೆ ಮೊದಲೇ ಕಲಿಕೆ ಆರಂಭಿಸಿದವರಲ್ಲಿ ದೊಡ್ಡದಾಗಿತ್ತು. ಒಂದು ಸ್ವರ ಕೇಳಿದ ಕೂಡಲೇ ಯಾವ ಆಧಾರವೂ ಇಲ್ಲದೆ ಅದರ ಹೆಸರು ಹೇಳುವ ಶಕ್ತಿಯೂ ಬಹುಮಟ್ಟಿಗೆ ಎಳವೆಯಲ್ಲಿ ಕಲಿತವರಲ್ಲೇ ಕಾಣುತ್ತದೆ. ಎಳವೆಗೆ ಬೆಲೆ ಇದೆ, ಸಂದೇಹವಿಲ್ಲ.

ಆದರೆ ಬೇಗ ಆರಂಭಿಸಿದ್ದರಿಂದ ಪ್ರತಿಭೆ ಬಂದಿತೋ, ಪ್ರತಿಭೆ ಮತ್ತು ಸಂಗೀತದ ಮನೆ ಇದ್ದುದರಿಂದ ಬೇಗ ಆರಂಭವಾಯಿತೋ? ಬೇಗ ತೊಡಗಿದವರು ಒಟ್ಟು ಹೆಚ್ಚು ವರ್ಷ ಅಭ್ಯಾಸ ಮಾಡಿದವರೂ ಹೌದಲ್ಲ? 2021ರಲ್ಲಿ ಪ್ರಕಟವಾದ, ಸ್ವೀಡನ್ನಿನ ಅವಳಿಗಳನ್ನು ಕುರಿತ ಅಧ್ಯಯನವೊಂದು ಈ ಗಂಟನ್ನು ಬಿಡಿಸಲು ಯತ್ನಿಸಿತು. ಬೇಗ ಆರಂಭಿಸುವುದಕ್ಕೂ ಮುಂದಿನ ಸಂಗೀತದ ಶಕ್ತಿಗೂ ಇರುವ ನಂಟಿನಲ್ಲಿ ದೊಡ್ಡ ಪಾಲು ಹುಟ್ಟಿನಿಂದ, ಮನೆಯಿಂದ ಬಂದದ್ದು ಎಂದು ಅದು ಸೂಚಿಸಿತು. ಎಂದರೆ ಕ್ಯಾಲೆಂಡರ್ ನೋಡಿ ಏಳು ತುಂಬುವ ಮೊದಲು ಪಾಠಕ್ಕೆ ಸೇರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ.

ಈ ಪುಟ ಓದುತ್ತಿರುವ ನಿಮ್ಮ ವಯಸ್ಸು ಹದಿನಾಲ್ಕೋ ಹದಿನೆಂಟೋ ಇರಬಹುದು. ಏಳು ಯಾವಾಗಲೋ ದಾಟಿದೆ. ಪೋಲೆಂಡಿನ ಇಗ್ನಾಸಿ ಪಡೆರೆವ್‌ಸ್ಕಿ ಚಿಕ್ಕಂದಿನಲ್ಲಿ ಸರಿಯಾದ ಗುರುವಿಲ್ಲದೆ ಕಲಿತು, ಇಪ್ಪತ್ತನಾಲ್ಕರ ವಯಸ್ಸಿನಲ್ಲಿ, 1884ರಲ್ಲಿ, ವಿಯೆನ್ನಾದ ಹೆಸರಾಂತ ಗುರು ಲೆಶೆಟಿಟ್ಸ್ಕಿಯ ಮುಂದೆ ನಿಂತಾಗ ಬಂದ ಮೊದಲ ಮಾತು, ತಡವಾಯಿತು ಎಂಬುದೇ. ಆತ ಬೆರಳಿನ ಮೊದಲ ಪಾಠಗಳಿಂದ ಮತ್ತೆ ಆರಂಭಿಸಿದ. ಮುಂದೆ ಯೂರೋಪ್, ಅಮೆರಿಕಗಳಲ್ಲಿ ಅತ್ಯಂತ ಜನಪ್ರಿಯ ವಾದಕನಾದ. 1919ರಲ್ಲಿ ಸ್ವತಂತ್ರ ಪೋಲೆಂಡಿನ ಪ್ರಧಾನಮಂತ್ರಿಯೂ ಆದ. ಸ್ವಿಯಾತೊಸ್ಲಾವ್ ರಿಕ್ಟರ್ ಬಹುಮಟ್ಟಿಗೆ ತಾನೇ ತಾನಾಗಿ ಕಲಿತವನು. ಮಾಸ್ಕೊದಲ್ಲಿ ಗುರು ನ್ಯೂಹೌಸ್‌ನ ತರಗತಿ ಸೇರಿದ್ದು 1937ರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ. ಇವರಿಬ್ಬರೂ ಅಸಾಮಾನ್ಯರು, ಒಪ್ಪುತ್ತೇನೆ. ಆದರೆ ಮೊಟ್ಸಾರ್ಟ್ ಸಾಮಾನ್ಯನೇ? ಬೇಗ ಆರಂಭಿಸಿದ ಅಸಾಮಾನ್ಯರನ್ನು ಸಾಕ್ಷಿಗೆ ಕರೆಯುವವರು ತಡವಾಗಿ ಗುರುವನ್ನು ಕಂಡ ಅಸಾಮಾನ್ಯರನ್ನೂ ಕರೆಯಬೇಕು. ಇನ್ನು ವೇದಿಕೆಯ ಹಂಬಲವಿಲ್ಲದೆ, ಸಂಜೆ ಅರ್ಧ ಗಂಟೆ ತನ್ನ ಸಂತೋಷಕ್ಕೆ ನುಡಿಸಿಕೊಳ್ಳಬೇಕು ಎನ್ನುವವರಿಗೆ ಮೇಲಿನ ಯಾವ ಸಂಶೋಧನೆಯೂ ಬಾಗಿಲು ಮುಚ್ಚಿಲ್ಲ.

ನಾನೆರ್ಲ್‌ಳ ಕಥೆಯನ್ನು ನಡುವೆಯೇ ಬಿಟ್ಟು ಬಂದೆ. ಅದನ್ನು ಪೂರ್ತಿ ಮಾಡಬೇಕು. 1769ರ ಡಿಸೆಂಬರಿನಲ್ಲಿ ತಂದೆ ಮಗ ಇಟಲಿಗೆ ಹೊರಟರು. ಹದಿನೆಂಟರ ಹುಡುಗಿಯನ್ನು ತಾಯಿಯೊಡನೆ ಮನೆಯಲ್ಲಿ ಬಿಟ್ಟರು. ಮಕ್ಕಳ ಬೆರಗಿನ ವಯಸ್ಸು ದಾಟಿತ್ತು, ವೇದಿಕೆ ಅವಳಿಗೆ ಮುಗಿಯಿತು. 1784ರಲ್ಲಿ ಮದುವೆಯಾಗಿ ಸಣ್ಣ ಊರಿಗೆ ಹೋದಳು. 1801ರಲ್ಲಿ ಗಂಡ ತೀರಿಕೊಂಡ ಮೇಲೆ ಸಾಲ್ಜ್‌ಬರ್ಗ್‌ಗೆ ಮರಳಿ, ಪಿಯಾನೊ ಪಾಠ ಹೇಳಿಕೊಡುತ್ತ ಬದುಕಿದಳು. ಕೊನೆಯ ವರ್ಷಗಳಲ್ಲಿ ಕಣ್ಣು ಹೋಯಿತು, 1829ರಲ್ಲಿ ತೀರಿಕೊಂಡಳು. ಅಷ್ಟು ಹೊತ್ತಿಗೆ ತಮ್ಮನ ಹೆಸರು ಲೋಕದ ತುಂಬ ಹರಡಿತ್ತು. 1759ರಲ್ಲಿ ಅಪ್ಪ ತನಗಾಗಿ ತೆರೆದಿದ್ದ ಆ ಪುಸ್ತಕದಿಂದ, ತಮ್ಮನ ನೆನಪಿಗೆಂದು ಕೇಳಿಬಂದವರಿಗೆ ಅವಳು ಹಾಳೆಗಳನ್ನು ಕಿತ್ತು ಕೊಟ್ಟಿದ್ದಳು. ಉಳಿದ ಪುಸ್ತಕ ಈಗಲೂ ಸಾಲ್ಜ್‌ಬರ್ಗ್‌ನಲ್ಲಿದೆ. ನಡುನಡುವೆ ಹಾಳೆಗಳಿಲ್ಲ.